ಹನ್ನೊಂದು ನಿಮಿಷ, ಒಂದು ಬನಿಯನ್

ಮದುವೆಯಾದ ಮೂರನೆಯ ದಿನ ನಾನು ಮಾವನ ಮನೆಯ ಹಿಂಭಾಗದಲ್ಲಿ, ಹೆಚ್ಚುಕಡಿಮೆ ಹನ್ನೆರಡು ಜನರ ಎದುರಿಗೆ, ಬರಿಮೈಯಲ್ಲಿ ನಿಂತಿದ್ದೆ. ಅದರಲ್ಲಿ ನನ್ನ ತಪ್ಪೇನೂ ಇರಲಿಲ್ಲ ಎಂದು ಇವತ್ತಿಗೂ ವಾದಿಸಬಲ್ಲೆ. ಕೇಳುವವರು ಬೇಕಷ್ಟೆ.

ಮಾವ ಪಂಪ್ ರಿಪೇರಿ ಮಾಡುವವರು. ಮನೆಯ ಹಿಂದೆ ಒಂದು ತಗಡಿನ ಶೆಡ್ಡು, ಅದೇ ಅವರ ಅಂಗಡಿ. ಹೊಸ ಅಳಿಯನ ಹುರುಪಿನಲ್ಲಿ ನಾನು ಅಲ್ಲಿಗೆ ಹೋಗಿ, ಅರ್ಧ ಬಿಚ್ಚಿಟ್ಟಿದ್ದ ಒಂದು ಪಂಪಿನ ಮೇಲೆ ಕೈಯಿಟ್ಟು, "ಇದರ ವಾಷರ್ ಹೋಗಿದೆ ಅಲ್ವಾ ಮಾವ?" ಎಂದೆ. ಆ ಲೋಕದಲ್ಲಿ ನನಗೆ ಗೊತ್ತಿದ್ದದ್ದು ವಾಷರ್ ಎಂಬ ಒಂದೇ ಪದ. ಮಾವ ಉತ್ತರಿಸುವ ಮೊದಲೇ ಪಂಪು ಉತ್ತರಿಸಿತು. ಒಳಗೆ ಕೂಡಿಟ್ಟುಕೊಂಡಿದ್ದ ಕೆಸರುನೀರನ್ನೆಲ್ಲ ನನ್ನ ಎದೆಗೆ ಉಗಿಯಿತು.

"ವಾಷರ್ ಚೆನ್ನಾಗಿದೆ" ಎಂದಷ್ಟೇ ಹೇಳಿ ಮಾವ ಟವೆಲ್ ತರಲು ಒಳಗೆ ಹೋದರು.

ನಾನು ಅಂಗಿ ಬಿಚ್ಚಿ ಕಿಟಕಿಗೆ ನೇತುಹಾಕಿದೆ. ಬನಿಯನ್ನಿಗೆ ಜಾಗ ಹುಡುಕಿದೆ. ಮೂಲೆಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ಗಡಗಡ ಓಡುತ್ತಿತ್ತು. ಬೆಚ್ಚನೆಯ ಮೈ, ಪಕ್ಕದಲ್ಲೊಂದು ಜಾಲರಿ, ಜಾಲರಿಯ ಮೇಲೆ ನನಗೆಂದೇ ಮಾಡಿಟ್ಟಂತೆ ಒಂದು ಕೊಕ್ಕೆ. ಬನಿಯನ್ ಒಣಗಿಸಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಹಾಕಿದೆ.

"ತೆಗೀರಿ ಅದನ್ನ!"

ಟವೆಲ್ ತಂದ ಮಾವನ ಆ ಕೂಗಿಗೆ ಮನೆಯೊಳಗಿನಿಂದ ಅತ್ತೆ ಬಂದರು, ನನ್ನ ಹೊಸ ಹೆಂಡತಿ ಬಂದಳು, ಅವಳ ಚಿಕ್ಕಮ್ಮಂದಿರು ಮೂವರೂ ಬಂದರು, ಪಕ್ಕದ ಮನೆಯವರು ಗೋಡೆಯ ಮೇಲಿನಿಂದ ಇಣುಕಿದರು. ಪಂಪ್ ಕೊಂಡೊಯ್ಯಲು ಬಂದಿದ್ದ ಗಿರಾಕಿಯಂತೂ ಒಳ್ಳೆಯ ಜಾಗ ನೋಡಿಕೊಂಡು ನಿಂತ. ಮಾವ ಕಂಪ್ರೆಸರ್ ಆರಿಸಿದರು. ಉದ್ದನೆಯ ಇಕ್ಕಳದಿಂದ ನನ್ನ ಬನಿಯನ್ನನ್ನು, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ, ಬಕೆಟ್ಟಿಗೆ ಹಾಕಿದರು. ಆಮೇಲೆ ತಮ್ಮ ಎಂದಿನ ಸಣ್ಣ ದನಿಯಲ್ಲಿ, "ಟವೆಲ್ ತಗೊಳ್ಳಿ, ಅಳಿಯಂದ್ರೆ" ಎಂದರು.

ಅತ್ತೆ ನೆರೆದವರ ಕಡೆ ತಿರುಗಿ, "ಏನಿಲ್ಲ, ಬನಿಯನ್ ವಿಷಯ" ಎಂದರು. ಎಲ್ಲರೂ 'ಓ, ಅದಾ' ಎಂಬಂತೆ ತಲೆಯಾಡಿಸಿ ಹೊರಟುಹೋದರು. ಆ ವಿಷಯ ಏನೆಂದು ಮಾತ್ರ ನನಗೆ ಇಪ್ಪತ್ತೆರಡು ವರ್ಷ ಯಾರೂ ಹೇಳಲಿಲ್ಲ. ಯಾರಿಗೂ ಗೊತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

"ಅಪ್ಪ ಬನಿಯನ್ ಹಾಕಲ್ಲ. ಮನೇಲಿ ಕಂಡ್ರೂ ಆಗಲ್ಲ. ಯಾಕೆ ಅಂತ ಕೇಳ್ಬೇಡಿ, ಅಮ್ಮನೇ ಕೇಳಿ ಕೇಳಿ ಸುಸ್ತಾಗಿದಾಳೆ" ಎಂದಳು ಹೆಂಡತಿ. ಮಾವ ನೌಕಾಪಡೆಯಲ್ಲಿದ್ದಾಗ ಹಡಗಿನಲ್ಲಿ ಯಾರೋ ಬನಿಯನ್ ಕದ್ದಿರಬೇಕು ಎಂಬುದು ಅತ್ತೆಯ ಊಹೆ. ಅಂದಿನಿಂದ ನಾನು ಮಾವನ ಮನೆಗೆ ಹೋದಾಗಲೆಲ್ಲ ನನ್ನ ಬನಿಯನ್ನುಗಳು ಬಚ್ಚಲುಮನೆಯ ಬಾಗಿಲ ಹಿಂದೆ, ಕಳ್ಳಸಾಗಣೆಯ ಮಾಲಿನಂತೆ, ಕತ್ತಲೆಯಲ್ಲಿ ಒಣಗುತ್ತಿದ್ದವು.

ಮಾವ ಕುಳ್ಳಗಿನ ಮನುಷ್ಯ. ನೌಕಾಪಡೆಯ ಎಂಜಿನ್ ರೂಮುಗಳಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಎಡಗಿವಿಯನ್ನು ಎಂಜಿನ್ನಿಗೆ ಕೊಟ್ಟು, ಬಲಗಿವಿಯನ್ನು ಮನೆಗೆ ತಂದಿದ್ದರು. ಆ ಬಲಗಿವಿಯೇ ಅವರ ಬಂಡವಾಳ. ಓಡುತ್ತಿರುವ ಪಂಪಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಕೆಯನ್ನು ಕಿವಿಯ ಮೂಳೆಗೆ ತಾಗಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಗಿರಾಕಿ ಪಕ್ಕದಲ್ಲಿ ನಿಂತು, "ನಿನ್ನೆವರೆಗೂ ಚೆನ್ನಾಗಿತ್ತು, ನಾವೇನೂ ಮಾಡ್ಲಿಲ್ಲ, ತಾನಾಗೇ ಕೆಟ್ಟೋಯ್ತು" ಎಂದು ಹೇಳುತ್ತಲೇ ಇರುತ್ತಾನೆ. ಮಾವ ಕಣ್ಣು ಬಿಟ್ಟು, "ಮೂರು ದಿನದಿಂದ ನೀರಿಲ್ದೆ ಓಡಿಸಿದೀರಿ" ಎನ್ನುತ್ತಾರೆ. ಗಿರಾಕಿ ನೆಲ ನೋಡುತ್ತಾನೆ. "ಪಂಪ್ ಸುಳ್ಳು ಹೇಳಲ್ಲ" ಎಂಬುದೊಂದೇ ಅವರು ನನಗೆ ಮಾಡಿದ ಉಪದೇಶ. ನಾನು ವಾರಪತ್ರಿಕೆಗೆ ನಗೆಬರಹ ಬರೆದು ಬದುಕುವವನಾದ್ದರಿಂದ ಅದು ನನ್ನ ಉಪಯೋಗಕ್ಕೆ ಬರಲಿಲ್ಲ. ನನ್ನ ಅಂಕಣವನ್ನು ಮಾವ ತಪ್ಪದೆ ಓದುತ್ತಾರೆ, ಒಮ್ಮೆಯೂ ನಕ್ಕಿಲ್ಲ, ಓದಿಯಾದ ಮೇಲೆ ಆ ಹಾಳೆಯಲ್ಲೇ ಕೈಯ ಎಣ್ಣೆ ಒರೆಸಿಕೊಳ್ಳುತ್ತಾರೆ. ಎಣ್ಣೆ ಚೆನ್ನಾಗಿ ಹೀರುತ್ತದಂತೆ. ನನ್ನ ಬರಹದ ಬಗ್ಗೆ ಯಾರಾದರೂ ಹೇಳಿದ ಅತ್ಯಂತ ನಿಖರವಾದ ಮಾತು ಅದು.

ಇಂಥ ನಮ್ಮ ಮಾವ, ಐವತ್ತಮೂರು ವರ್ಷದ ಹಿಂದೆ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಯುದ್ಧದಲ್ಲಿ ಶತ್ರುವಿನ ಬಂದರಿನ ಮೇಲೆ ನಡೆದ ಆ ಹೆಸರಾಂತ ದಾಳಿಗೆ ಹೋಗಿ ಬಂದವರು. ಊರಿನ ಶಾಲೆಯ ಮಕ್ಕಳಿಗೆಲ್ಲ ಅದು ಬಾಯಿಪಾಠ. ನಾಲ್ಕು ಪುಟ್ಟ ದೋಣಿಗಳು ಸದ್ದಿಲ್ಲದೆ ಹೋಗಿ, ದಡದ ಎಣ್ಣೆ ಟ್ಯಾಂಕುಗಳಿಗೆ ಬೆಂಕಿಯಿಟ್ಟು, ಸದ್ದುಮಾಡಿಕೊಂಡು ವಾಪಸ್ ಬಂದದ್ದು. ವರ್ಷಕ್ಕೊಮ್ಮೆ ಶಾಲೆಯವರು ಮಾವನನ್ನು ಕರೆಸಿ, "ಆ ದಿನ ನೀವು ಏನೇನು ನೋಡಿದಿರಿ, ಮಕ್ಕಳಿಗೆ ಹೇಳಿ" ಎನ್ನುತ್ತಿದ್ದರು.

"ಮೀಟರು" ಎನ್ನುತ್ತಿದ್ದರು ಮಾವ.

"ಅದಲ್ಲ, ಬೆಂಕಿ? ಆಕಾಶಕ್ಕೆ ಹಾರಿದ ಜ್ವಾಲೆ?"

"ನಾನಿದ್ದದ್ದು ಕೆಳಗೆ. ಎಂಜಿನ್ ರೂಮಿಗೆ ಕಿಟಕಿ ಇರಲ್ಲ. ಎದುರಿಗೆ ಮೀಟರ್ ಇತ್ತು. ಅದನ್ನ ನೋಡ್ದೆ."

ನಾಲ್ಕನೆಯ ವರ್ಷದಿಂದ ಶಾಲೆಯವರು ಕರೆಯುವುದನ್ನು ಬಿಟ್ಟರು.

ಅದೇ ದೋಣಿಯಲ್ಲಿದ್ದ ಇನ್ನೊಬ್ಬರು ನಮ್ಮ ಊರಲ್ಲೇ, ಎರಡು ಬೀದಿ ಆಚೆ ಇದ್ದರು. ಎಂಜಿನ್ ರೂಮಿನ ಹಿರಿಯ ಮೆಕ್ಯಾನಿಕ್, ಮಾವನಿಗಿಂತ ಹತ್ತು ವರ್ಷ ದೊಡ್ಡವರು. ಮಾವ ಅವರನ್ನು ಕೊನೆಯವರೆಗೂ 'ಚೀಫ್' ಎಂದೇ ಕರೆದರು. ಊರು ಮಾತ್ರ ಅವರನ್ನು 'ಕೆಟಲ್' ಎನ್ನುತ್ತಿತ್ತು. ಯಾಕೆಂದರೆ ಅಷ್ಟು ದೊಡ್ಡ ದಾಳಿಯಲ್ಲಿ, ಅಷ್ಟು ಗುಂಡುಗಳ ನಡುವೆ, ಆ ದೋಣಿಯಲ್ಲಿ ಗಾಯವಾದದ್ದು ಒಬ್ಬರಿಗೆ, ಮತ್ತು ಆ ಒಬ್ಬರು ಟೀ ಕೆಟಲ್ ಮಗುಚಿಕೊಂಡು ಕೈ ಸುಟ್ಟುಕೊಂಡಿದ್ದರು. ಡಾಕ್ಟರರ ಪುಸ್ತಕದಲ್ಲಿ ಹಾಗೇ ದಾಖಲಾಗಿತ್ತು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಕ್ಕುಸುಕ್ಕಾಗಿ, ಹೊಳೆಯುತ್ತ, ಯಾವುದೋ ನಕ್ಷೆಯಂತಿತ್ತು. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದರು. ನಿವೃತ್ತಿಯ ದಿನ ಗೆಳೆಯರು ತಮಾಷೆಗೆಂದು ಅವರಿಗೆ ಬೆಳ್ಳಿ ಬಣ್ಣದ ಕೆಟಲ್ಲೊಂದನ್ನು ಉಡುಗೊರೆ ಕೊಟ್ಟರು. ಅವರು ಎಲ್ಲರಿಗಿಂತ ಜೋರಾಗಿ ನಕ್ಕರಂತೆ. ಅವರ ಹೆಂಡತಿ ಮನೆಗೆ ಬಂದವರೇ ಅದನ್ನು ಅಟ್ಟಕ್ಕೆ ಎಸೆದರಂತೆ. ಅವರ ಮನೆಯಲ್ಲಿ ಟೀ ಇವತ್ತಿಗೂ ಪಾತ್ರೆಯಲ್ಲೇ ಆಗುವುದು. ಆದರೂ ಊರು ಆ ತಾಯಿಯನ್ನು 'ಕೆಟಲಮ್ಮ' ಎಂದೇ ಕರೆಯಿತು.

"ಗಂಡಸರು ಯುದ್ಧಕ್ಕೆ ಹೋಗಿ ಪದಕ ತರ್ತಾರೆ. ನಮ್ಮನೆಯವರು ಅಡ್ಡಹೆಸರು ತಂದ್ರು" ಎಂದು ಆಕೆ ಎಲ್ಲರೆದುರಿಗೂ ಆಡಿಕೊಳ್ಳುತ್ತಿದ್ದರು. ಚೀಫ್ ಮುಗುಳ್ನಗುತ್ತಿದ್ದರು. ಮಾವ ಆಗ ಸ್ಕ್ರೂಡ್ರೈವರ್ ಹುಡುಕಿಕೊಂಡು ಶೆಡ್ಡಿಗೆ ಹೋಗುತ್ತಿದ್ದರು. ಪ್ರತಿಸಲವೂ ಹೋಗುತ್ತಿದ್ದರು. ನಾನು ಹಾಸ್ಯ ಬರೆಯುವವನು, ಮನುಷ್ಯರನ್ನು ಸೂಕ್ಷ್ಮವಾಗಿ ಗಮನಿಸುವವನು ಎಂದು ಹೆಸರಾದವನು. ಅದನ್ನು ಗಮನಿಸಲಿಲ್ಲ.

ಎರಡು ವರ್ಷದ ಹಿಂದೆ ಚೀಫ್ ತೀರಿಕೊಂಡರು.

ಈ ವರ್ಷ ನಿವೃತ್ತ ನಾವಿಕರ ಸಂಘದವರಿಗೆ ದಾಳಿಯ ನೆನಪಿಗೊಂದು ಹಿತ್ತಾಳೆ ಫಲಕ ಹಾಕುವ ಉಮೇದು ಬಂತು. ಸಂಘದ ಅಧ್ಯಕ್ಷರು ನೌಕಾಪಡೆಯ ಉಗ್ರಾಣದಲ್ಲಿ ಮೂವತ್ತು ವರ್ಷ ಕಂಬಳಿ, ಗುಂಡಿ ಎಣಿಸಿದವರು. ಸಮುದ್ರಕ್ಕೆ ಇಳಿದವರಲ್ಲ, ಆದರೆ ಸಲ್ಯೂಟ್ ಹೊಡೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆ ದೋಣಿಯ ಕ್ಯಾಪ್ಟನ್, ಈಗ ಎಂಬತ್ತೇಳರ ಮುದುಕರು, ದೂರದ ಊರಿನಿಂದ ಬಂದು ಫಲಕದ ಪರದೆ ಎಳೆಯಲು ಒಪ್ಪಿದ್ದರು. ಫಲಕದ ಮೇಲಿನ ಮಾತು ಬರೆದುಕೊಡಿ, ಜೊತೆಗೊಂದು ಕಿರುಪುಸ್ತಕ ಆಗಲಿ ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ಗಂಭೀರವಾದದ್ದನ್ನು ಬರೆಯಲು ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಉಬ್ಬಿಹೋದೆ.

ದಾಳಿಯ ಕಥೆಯಲ್ಲೆಲ್ಲ ಹೆಸರಾದದ್ದು ಆ ಹನ್ನೊಂದು ನಿಮಿಷ. ಟ್ಯಾಂಕುಗಳಿಗೆ ಬೆಂಕಿ ಬಿದ್ದ ಮೇಲೆ ದೋಣಿಗಳು ಓಟ ಕಿತ್ತವು. ದಡದ ಫಿರಂಗಿಗಳು ಎಚ್ಚೆತ್ತವು. ಆಗ ಮಾವನಿದ್ದ ದೋಣಿ ಮಾತ್ರ ಸಮುದ್ರದ ನಡುವೆ ಗಕ್ಕನೆ ನಿಂತುಬಿಟ್ಟಿತು. ಓಡುತ್ತಿದ್ದರೆ ಎಲ್ಲಿರಬೇಕಿತ್ತೋ ಅಲ್ಲಿಗೇ ಗುಂಡುಗಳೆಲ್ಲ ಬಿದ್ದು ನೀರುಪಾಲಾದವು. ಹನ್ನೊಂದು ನಿಮಿಷದ ಮೇಲೆ ದೋಣಿ ಮತ್ತೆ ಹೊರಟು ಮನೆ ಸೇರಿತು. ಆ ಚಾಣಾಕ್ಷತನಕ್ಕೆ ಕ್ಯಾಪ್ಟನ್ನರಿಗೆ ಪದಕ ಬಂತು. ಅದನ್ನು ನಾನು ಫಲಕಕ್ಕೂ ಕಿರುಪುಸ್ತಕಕ್ಕೂ ಹೀಗೆ ಇಳಿಸಿದೆ: "ಧೀರ ಕ್ಯಾಪ್ಟನ್ನರು ಬೇಕೆಂದೇ ಎಂಜಿನ್ ನಿಲ್ಲಿಸಿ, ಹನ್ನೊಂದು ನಿಮಿಷ ಸಾಗರದೊಡನೆ ಮೌನವಾಗಿ ಒಂದಾದರು." ಕೊನೆಯ ಮೂರು ಪದಕ್ಕೆ ಎರಡು ದಿನ ಹಿಡಿದಿತ್ತು. ಹೆಂಡತಿ ಓದಿ, "ಎಲ್ಲರೂ ಮುಳುಗಿಹೋದ ಹಾಗಿದೆ" ಎಂದಳು. ಸಾಹಿತ್ಯದ ಗಂಧವಿಲ್ಲದವರ ಮಾತು ಎಂದು ಬಿಟ್ಟುಬಿಟ್ಟೆ.

ಕಾರ್ಯಕ್ರಮಕ್ಕೆ ನಾಲ್ಕು ದಿನವಿರುವಾಗ ಅಚ್ಚಾದ ಕಿರುಪುಸ್ತಕವನ್ನು ಮಾವನಿಗೆ ಕೊಟ್ಟೆ. ಗ್ಯಾಸ್ಕೆಟ್ಟಿನ ಬಿರುಕು ನೋಡುವ ಭೂತಗನ್ನಡಿ ಹಿಡಿದು ಅವರು ಇಡೀ ಪುಸ್ತಕ ಓದಿದರು. ನಾನು ಹೊಗಳಿಕೆಗೆ ಕಾದು ಕೂತೆ.

"ಅಳಿಯಂದ್ರೆ, ಈ 'ಬೇಕೆಂದೇ' ಅನ್ನೋದನ್ನ ತೆಗೀಬಹುದಾ?"

"ಯಾಕೆ ಮಾವ? ಆ ಪದದಲ್ಲೇ ಇರೋದು ಜೀವ."

"ಎಂಜಿನ್ ನಿಲ್ಲಿಸಿದ್ದು ಕ್ಯಾಪ್ಟನ್ ಅಲ್ಲ."

"ಮತ್ತೆ ಯಾರು?"

ಮಾವ ಭೂತಗನ್ನಡಿಯನ್ನು ಒರೆಸಿ ಡಬ್ಬಿಗೆ ಹಾಕಿದರು. "ನನ್ನ ಬನಿಯನ್" ಎಂದರು.

ಶೆಡ್ಡಿನ ಬಾಗಿಲಲ್ಲಿ ಲೋಟಗಳು ಬಿದ್ದ ಸದ್ದಾಯಿತು. ಟೀ ತಂದಿದ್ದ ಅತ್ತೆ ಅಲ್ಲೇ ನಿಂತಿದ್ದರು. "ಏನಂದ್ರಿ? ಇನ್ನೊಂದ್ಸಲ ಹೇಳಿ."

ಮಾವ ಹೇಳಿದರು. ನಲವತ್ತೆಂಟು ವರ್ಷದ ದಾಂಪತ್ಯದಲ್ಲಿ ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು ಎಂದು ಆಮೇಲೆ ಅತ್ತೆ ಹೇಳಿದರು.

ಆ ದೋಣಿಗಳು ಚಿಕ್ಕವು, ಇಂಧನ ಸಾಲುತ್ತಿರಲಿಲ್ಲ. ಹಾಗಾಗಿ ದೊಡ್ಡ ಹಡಗೊಂದು ಹಗ್ಗ ಕಟ್ಟಿ ಅವನ್ನು ಒಂದೂವರೆ ದಿನ ಎಳೆದುಕೊಂಡು ಹೋಯಿತು. ಅಷ್ಟು ಹೊತ್ತೂ ಎಂಜಿನ್ ಬಂದ್. ಎಂಜಿನ್ ರೂಮಿನವರಿಗೆ ಕೆಲಸವಿಲ್ಲ. ಸಮುದ್ರದ ನೀರು ಮೇಲಿನಿಂದ ಸೋರಿ ಎಲ್ಲರ ಬಟ್ಟೆಯೂ ತೊಪ್ಪೆ. ಎಂಜಿನ್ ಗಾಳಿ ಎಳೆದುಕೊಳ್ಳುವ ದೊಡ್ಡ ಜಾಲರಿಯ ಮೇಲೆ ಒಂದು ಕೊಕ್ಕೆಯಿತ್ತು. ಎಂಜಿನ್ ಓಡದಿದ್ದಾಗ ಅದೊಂದು ಪರಮ ಸಾಧು ಜಾಲರಿ. ಎಲ್ಲರೂ ಅಲ್ಲಿ ಬಟ್ಟೆ ಒಣಹಾಕಿದರು. ಮಾವನೂ ತಮ್ಮ ಬನಿಯನ್ನನ್ನು ಒಂದೂವರೆ ದಿನದಲ್ಲಿ ಏಳೆಂಟು ಸಲ ಅಲ್ಲಿಗೆ ನೇತುಹಾಕಿದರು, ತೆಗೆದರು, ನೇತುಹಾಕಿದರು.

"ಹಗ್ಗ ಬಿಚ್ಚಿ ಎಂಜಿನ್ ಶುರು ಮಾಡುವಾಗ ಚೀಫ್ ಎಲ್ಲಾ ಬಟ್ಟೆ ತೆಗೆಸಿದ್ರು. ತಾವೇ ನೋಡಿದ್ರು. ಒಂದು ಕರ್ಚೀಫೂ ಇರ್ಲಿಲ್ಲ."

"ಮತ್ತೆ ಹೇಗೆ ಮಾವ?"

"ಮೂರು ಗಂಟೆ ಆದ್ಮೇಲೆ, ದಡದ ಹತ್ರ ಬಂದಾಗ, ಒಳಗೆ ಬೆಂಕಿ ಸೆಖೆ. ಬನಿಯನ್ ಹಿಂಡಿದ್ರೆ ನೀರು. ಬಿಚ್ಚಿದೆ. ಕೈ ತಾನೇ ಹೋಗಿ ಅದೇ ಕೊಕ್ಕೆಗೆ ಹಾಕ್ತು. ನಾನು ಮೀಟರ್ ನೋಡ್ತಿದ್ದೆ."

ನಿಧಾನಕ್ಕೆ ಹೋಗುತ್ತಿದ್ದಾಗ ಬನಿಯನ್ ಸುಮ್ಮನೆ ತೂಗಾಡುತ್ತಿತ್ತು. ಟ್ಯಾಂಕುಗಳಿಗೆ ಬೆಂಕಿ ಬಿದ್ದು, ಮೇಲಿನಿಂದ ಪೂರ್ತಿ ವೇಗ ಎಂದು ಆಜ್ಞೆ ಬಂದ ಕೂಡಲೇ ಎಂಜಿನ್ ಉಸಿರೆಳೆದುಕೊಂಡಿತು. ಬನಿಯನ್ ಗೋಡೆಗೆ ಅಂಟಿದ ಸಿನಿಮಾ ಪೋಸ್ಟರಿನಂತೆ ಜಾಲರಿಗೆ ಅಗಲವಾಗಿ ಮೆತ್ತಿಕೊಂಡಿತು. ಎಂಜಿನ್ ಕೆಮ್ಮಿತು, ಸೀನಿತು, ಸತ್ತಿತು. ಅರ್ಧ ಬನಿಯನ್ ಜಾಲರಿಯ ಸಂದಿಯಿಂದ ಒಳಕ್ಕೇ ಹೋಗಿ ಸಿಕ್ಕಿಕೊಂಡಿತ್ತು. ಕೊಕ್ಕೆ ಮೇಲಿತ್ತು, ಆದರೆ ಆ ಸಂದಿಗೂ ಕೈಗೂ ನಡುವೆ ಹೊಗೆಯ ಕೊಳವೆ, ಕೆಂಪಗೆ ಕಾದದ್ದು. ಅದು ತಣ್ಣಗಾಗಲು ಒಂದು ಗಂಟೆ ಬೇಕು. ದಡದ ಫಿರಂಗಿಗಳು ಒಂದು ಗಂಟೆ ಕಾಯುವುದಿಲ್ಲ.

"ಚೀಫ್ ನನ್ನ ಮುಖ ನೋಡಿದ್ರು. ಬೈಲಿಲ್ಲ. ಅಂಗಿ ತೋಳು ಮಡಿಚಿದ್ರು. ಕೊಳವೆ ಮೇಲಿಂದ ಕೈ ಹಾಕಿದ್ರು. ಒಂದ್ಸಲಕ್ಕೆ ಬರ್ಲಿಲ್ಲ. ಎಳೆ ಎಳೆ ಕೀಳ್ಬೇಕಿತ್ತು." ಮಾವ ಭೂತಗನ್ನಡಿಯ ಡಬ್ಬಿಯ ಮುಚ್ಚಳ ಒತ್ತಿದರು. "ಹನ್ನೊಂದು ನಿಮಿಷದಲ್ಲಿ ಎಷ್ಟು ಸಲ ಕೈ ಹಾಕಿದ್ರು ಅಂತ ನಾನು ಎಣಿಸ್ಲಿಲ್ಲ. ವಾಸನೆ ಮಾತ್ರ ನೆನಪಿದೆ."

ಟೀ ನೆಲದ ಮೇಲೆ ಹರಿದು ನನ್ನ ಚಪ್ಪಲಿಯವರೆಗೆ ಬಂದಿತ್ತು. ಯಾರೂ ಒರೆಸಲಿಲ್ಲ.

ನಿಜ ಹೇಳಿದರೆ ಮಾವನಿಗೆ ಕೋರ್ಟ್ ಮಾರ್ಷಲ್. ಅದಕ್ಕೇ ಚೀಫ್ ಡಾಕ್ಟರರ ಮುಂದೆ ಕೆಟಲ್ ಎಂದರು. ಯುದ್ಧದ ಗಾಯದ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಮಾವನಿಗೆ ಅವರು ಕೊಟ್ಟ ಆಜ್ಞೆ ಒಂದೇ: "ನಾನಿರೋ ತನಕ ಬಾಯಿ ಬಿಟ್ರೆ ನೋಡು, ಮರಿ."

"ಈಗ ಅವರಿಲ್ಲ" ಎಂದರು ಮಾವ. "ಕಾಗದದಲ್ಲಿದ್ದದ್ದು ಬೇರೆ. ಹಿತ್ತಾಳೆ ಮೇಲೆ ಬಂದ್ರೆ ಚೀಫ್ ಕೊನೆವರೆಗೂ ಕೆಟಲ್ಲೇ."

ನನ್ನ ಮೊದಲ ಯೋಚನೆ ಏನಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಕಿರುಪುಸ್ತಕ ಐನೂರು ಪ್ರತಿ ಅಚ್ಚಾಗಿತ್ತು. ಫಲಕದ ಕೆತ್ತನೆ ಮುಗಿದಿತ್ತು. "ಮಾವ, ಕ್ಯಾಪ್ಟನ್ನರಿಗೆ ಎಂಬತ್ತೇಳು. ಈ ವಯಸ್ಸಲ್ಲಿ ಅವರ ಪದಕಕ್ಕೆ ಕೈಹಾಕೋದು... ಹೃದಯ ಗಿದಯ ನಿಂತುಹೋದ್ರೆ? ನಿಮ್ಮ ಮರ್ಯಾದೆ ಏನಾಗತ್ತೆ?" ಎಂದೆ. ನನ್ನ ಮೂರು ಪದಗಳ ಮರ್ಯಾದೆ ಏನಾಗತ್ತೆ ಎಂಬುದು ಅದರರ್ಥ.

ಅದಕ್ಕೆ ಉತ್ತರ ಕೊಟ್ಟದ್ದು ಅತ್ತೆ. "ನಲವತ್ತೆಂಟು ವರ್ಷ! ಅಂಗಡಿಗೆ ಹೋದಾಗೆಲ್ಲ ಬನಿಯನ್ ಬೇಡಪ್ಪಾ ಅಂದ್ರೆ, ಆ ಅಂಗಡಿಯವನು ಪಾಪ ಏನು ಕಷ್ಟವೋ ಅಂತ ನನ್ನ ಮುಖ ನೋಡ್ತಿದ್ದ! ನಂಗೊಂದು ಮಾತು ಹೇಳೋಕೆ ಏನಾಗಿತ್ತು ರೀ ನಿಮ್ಗೆ?" ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡು, ಉಸಿರು ಬಿಡದೆ ನನ್ನ ಕಡೆ ತಿರುಗಿದರು. "ಮತ್ತೆ ನೀವು, ಆ ಯಮ್ಮ ಅಷ್ಟು ವರ್ಷದಿಂದ ಎಲ್ಲರ ಮುಂದೆ ಆಡಿಕೊಂಡು ಆಡಿಕೊಂಡು ಒಳಗೊಳಗೇ ಬೇಯ್ತಿದಾರೆ. ನಿಮಗೆ ಪುಸ್ತಕದ ಚಿಂತೆ. ಎಣ್ಣೆ ಒರೆಸೋಕಾಗತ್ತೆ ಬಿಡಿ."

ಕಾರ್ಯಕ್ರಮ ನಡೆದದ್ದು ಅಂಚೆ ಕಚೇರಿಯ ಮೇಲಿನ ಸಂಘದ ಕೋಣೆಯಲ್ಲಿ. ಅರವತ್ತು ಕುರ್ಚಿ, ಎರಡು ಫ್ಯಾನು, ಕೀರಲು ಹಾಕುವ ಒಂದು ಮೈಕು. ಗೋಡೆಯ ಮೇಲೆ ನೀಲಿ ಪರದೆ, ಅದರ ಹಿಂದೆ ಫಲಕ. ಕ್ಯಾಪ್ಟನ್ ಕೋಲೂರಿಕೊಂಡು ಬಂದರು. ಉದ್ದನೆಯ, ಒಣಗಿದ, ನೆಟ್ಟಗಿನ ಮುದುಕರು. ಎದೆಯ ಮೇಲೆ ಆ ಪದಕ. ಮುಂದಿನ ಸಾಲಿನಲ್ಲಿ ಕೆಟಲಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಿಂದಿನಿಂದ ಯಾರೋ, "ಟೀ ವ್ಯವಸ್ಥೆ ಕೆಟಲಮ್ಮನದಾ?" ಎಂದು ನಕ್ಕರು. ಅವರೂ ತಿರುಗಿ ನಕ್ಕರು. ಮಾವ ನಗಲಿಲ್ಲ.

ಅಧ್ಯಕ್ಷರು ನಲವತ್ತು ನಿಮಿಷ ಮಾತಾಡಿದರು. ಅಷ್ಟರಲ್ಲಿ ದಾಳಿಯನ್ನು ಎರಡು ಸಲ ಮಾಡಿ ಬರಬಹುದಿತ್ತು. ನಾನು ಒಂದಕ್ಷರವನ್ನೂ ಬದಲಿಸದೆ ನನ್ನ ಬರಹ ಓದಿದೆ. 'ಮೌನವಾಗಿ ಒಂದಾದರು' ಎಂಬಲ್ಲಿ ದನಿ ನಡುಗಿತು. ಜನ ಅದನ್ನು ಭಾವುಕತೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ಅಧ್ಯಕ್ಷರು, "ಪರದೆ ಎಳೆಯುವ ಮುನ್ನ ನಮ್ಮ ಪಂಪ್ ಮೇಷ್ಟ್ರು ಎರಡು ಮಾತಾಡ್ಬೇಕು. ಎರಡೇ" ಎಂದರು. ಮಾವನ ಬಗ್ಗೆ ಅವರಿಗೆ ಆ ಭಯ ಬೇಕಿರಲಿಲ್ಲ.

ಮಾವ ಮೈಕಿನ ಮುಂದೆ ನಿಂತರು. ಅದಕ್ಕೆ ಬಲಗಿವಿ ಕೊಟ್ಟು ಒಮ್ಮೆ ಕೇಳಿದರು. ವೈರು ಸ್ವಲ್ಪ ತಿರುಚಿದರು. ಕೀರಲು ನಿಂತಿತು.

"ಎಂಜಿನ್ ನಿಂತದ್ದು ನನ್ನ ಬನಿಯನ್ನಿಂದ. ಗಾಳಿ ಜಾಲರಿ ಮೇಲೆ ಹಾಕಿದ್ದೆ. ಮತ್ತೆ ಶುರುವಾದದ್ದು ಚೀಫ್ ಕೈಯಿಂದ. ಕಾದ ಕೊಳವೆ ಮೇಲಿಂದ ಕೈ ಹಾಕಿ ಅದನ್ನ ಕಿತ್ತರು. ನನ್ನನ್ನ ಉಳಿಸೋಕೆ ಕೆಟಲ್ ಅಂದ್ರು." ಒಂದು ಕ್ಷಣ ಯೋಚಿಸಿದರು. "ಆ ದೋಣಿಯಲ್ಲಿ ಕೆಟಲ್ಲೇ ಇರ್ಲಿಲ್ಲ. ನಾವು ಟೀ ಕಾಯಿಸ್ತಿದ್ದದ್ದು ಬಿಸ್ಕತ್ತಿನ ಡಬ್ಬದಲ್ಲಿ."

ಬಂದು ಕೂತರು. ಅಧ್ಯಕ್ಷರ ಬಾಯಿ ತೆರೆದೇ ಇತ್ತು. ನಾನು ಕಿರುಪುಸ್ತಕಗಳ ಕಟ್ಟನ್ನು ಕಾಲಿನಿಂದ ಮೆಲ್ಲಗೆ ಕುರ್ಚಿಯಡಿಗೆ ತಳ್ಳಿದೆ.

ಮೊದಲು ಮಾತಾಡಿದ್ದು ಆ ತಾಯಿ. "ನನ್ನ ಹತ್ರನಾದ್ರೂ ಹೇಳಬಾರದಿತ್ತೇನಪ್ಪಾ?"

"ಚೀಫ್ ಆರ್ಡರ್ ಇತ್ತು, ಅತ್ತಿಗೆ."

"ನೀನು ದಿನಾ ನಮ್ಮನೆಗೆ ಬಂದು ಟೀ ಕುಡೀತಿದ್ದೆ. ನಾನು ದಿನಾ ಅವರನ್ನ ಆಡಿಕೊಳ್ತಿದ್ದೆ. ನೀನು ಕೇಳಿಸಿಕೊಂಡು ಎದ್ದು ಹೋಗ್ತಿದ್ದೆ."

"ಹೌದು, ಅತ್ತಿಗೆ." ಮಾವ ಎದ್ದು ನಿಂತಿದ್ದರು. "ತಪ್ಪು ನಂದು."

ಆಕೆ ಕೈಚೀಲದಿಂದ ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು. ಮೂಗು ಒರೆಸಿಕೊಳ್ಳುತ್ತಲೇ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಅತ್ತೆ ಅವರ ಬಳಿಗೆ ಓಡಿದರು. "ಬನಿಯನ್ನಿಗೋಸ್ಕರ!" ಎಂದು ಆಕೆ ಅತ್ತೆಯ ಕೈ ಹಿಡಿದು ನಗುತ್ತಿದ್ದರು, ಅಳುತ್ತಲೂ ಇದ್ದರು. "ಕೇಳಿದ್ಯೇನೇ? ಒಂದು ಬನಿಯನ್ನಿಗೋಸ್ಕರ! ಮನೇಲಿ ಬಿಸಿ ಲೋಟ ಮುಟ್ಟೋಕೆ ಬಟ್ಟೆ ಬೇಕು ಅನ್ನೋರು!"

ಆಗ ಎಲ್ಲರ ಕಣ್ಣೂ ಕ್ಯಾಪ್ಟನ್ನರ ಕಡೆ ಹೋಯಿತು. ಅವರು ಕೋಲೂರಿ ನಿಧಾನವಾಗಿ ಎದ್ದರು. ಹೃದಯ ನಿಲ್ಲುವ ಲಕ್ಷಣ ಕಾಣಲಿಲ್ಲ. ಬದಲಿಗೆ ಬಿಗಿಯಾದ ಬೂಟು ಕಳಚಿದವರ ಹಾಗೆ ಕಂಡರು.

"ಎಂಜಿನ್ ನಿಂತಿತು, ಮತ್ತೆ ಹೊರಟಿತು. ನಾನು ವರದಿಯಲ್ಲಿ ಬರೆದದ್ದು ಇಷ್ಟೇ" ಎಂದರು. "ಬೇಕೆಂದೇ ನಿಲ್ಲಿಸಿದ ಅಂತ ಸೇರಿಸಿದ್ದು ಮೇಲಿನವರು. ಹಾಗಲ್ಲ ಅಂತ ಒಂದು ಪತ್ರ ಬರೆದೆ. 'ನಿಮ್ಮ ವಿನಯವೂ ಮೆಚ್ಚತಕ್ಕದ್ದು' ಅಂತ ಉತ್ತರ ಬಂತು. ಮೊದಲ ವರ್ಷ ಕೇಳಿದವರಿಗೆಲ್ಲ ಅಲ್ಲ ಅಂದೆ. ಎರಡನೇ ವರ್ಷ ಸುಮ್ಮನಾದೆ. ಮೂರನೇ ವರ್ಷದಿಂದ ನಾನೇ ನಂಬೋಕೆ ಶುರು ಮಾಡಿದೆ." ಜನ ನಗಬೇಕೋ ಬೇಡವೋ ತಿಳಿಯದೆ ಕೂತರು. "ಕೈ ಸುಟ್ಟದ್ದರ ಚೀಟಿಗೆ ಸಹಿ ಹಾಕಿದವನೂ ನಾನೇ. ನನ್ನ ದೋಣಿಯಲ್ಲಿ ಕೆಟಲ್ ಇಲ್ಲ ಅಂತ ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಕೇಳ್ಲಿಲ್ಲ. ಕೇಳಿದ್ರೆ ಇದನ್ನ ವಾಪಸ್ ಕೊಡಬೇಕಾಗ್ತಿತ್ತು."

ಪದಕ ಬಿಚ್ಚಲು ನೋಡಿದರು. ಪಿನ್ನು ಬಿಚ್ಚಿಕೊಳ್ಳದೆ ಅಂಗಿಯನ್ನೇ ಜಗ್ಗಿದರು. ಆ ತಾಯಿ ಎದ್ದು ಬಂದು ಅವರ ಕೈ ಸರಿಸಿದರು. "ಇರ್ಲಿ ಬಿಡಿ. ಅಂಗಿ ಹರೀತೀರಿ. ಅದು ನನಗೆ ಬೇಡ. ಆ ಪರದೆ ಹಿಂದೆ ಏನು ಬರೆದಿದೆಯೋ ಅದರಲ್ಲಿ ಅವರಿದಾರಾ, ಅಷ್ಟು ಹೇಳಿ."

"ಬರೆದವರು ಎಲ್ಲಿದಾರೆ?" ಎಂದು ಕೇಳಿದರು ಕ್ಯಾಪ್ಟನ್.

ಅರವತ್ತು ಜನ ಒಟ್ಟಿಗೆ ನನ್ನನ್ನು ತೋರಿಸಿದರು. ಹೆಂಡತಿಯ ಬೆರಳು ಎಲ್ಲರಿಗಿಂತ ಮುಂದಿತ್ತು.

"ಇಲ್ಲ ಸರ್, ಅವರಿಲ್ಲ" ಎಂದೆ.

"ಹಾಗಾದ್ರೆ ಪರದೆ ಎಳೆಯೋದು ಬೇಡ. ಬೇರೆ ಬರೀರಿ, ಬೇರೆ ಕೆತ್ತಿಸೋಣ. ಬನಿಯನ್ ಇರಲಿ, ಚೀಫ್ ಕೈ ಇರಲಿ. ಹೊಸದು ಬಂದಾಗ ಈ ಅಮ್ಮನೇ ಪರದೆ ಎಳೀತಾರೆ." ನಾನು ತಲೆಯಾಡಿಸಿದೆ. "ಮತ್ತೆ, ಆ ಸಾಗರದೊಡನೆ ಒಂದಾಗೋದು ಬೇಡ. ನಾವು ವಾಪಸ್ ಬಂದ್ವಿ."

ಹೀಗೆ ಫಲಕ ಅನಾವರಣದ ಸಮಾರಂಭ ಫಲಕ ಅನಾವರಣವಾಗದೆ ಮುಗಿಯಿತು. ಅಧ್ಯಕ್ಷರು ಏನೂ ಮಾಡಲು ತೋಚದೆ ಪರದೆಗೇ ಒಂದು ಸಲ್ಯೂಟ್ ಹೊಡೆದರು. ಟೀ ಬಂತು. ತಂದವನು ಕೈಯಲ್ಲಿದ್ದ ಕೆಟಲನ್ನು ಎಲ್ಲಿ ಬಚ್ಚಿಡಲಿ ಎಂದು ಒದ್ದಾಡುತ್ತಿದ್ದ. ಆ ತಾಯಿಯೇ, "ಹಾಕಪ್ಪ, ಹಾಕು, ಅದೇನು ಮಾಡಿದೆ ಪಾಪ" ಎಂದು ಲೋಟ ಚಾಚಿದರು.

ಕ್ಯಾಪ್ಟನ್ ಲೋಟ ಹಿಡಿದುಕೊಂಡು ಮಾವನ ಬಳಿಗೆ ಬಂದರು. ಬಲಗಿವಿಯ ಕಡೆಗೇ ಬಂದರು. ಐವತ್ತಮೂರು ವರ್ಷದ ಮೇಲೂ ಅದು ಅವರಿಗೆ ನೆನಪಿತ್ತು. ಮಾವ ಲೋಟ ಕೆಳಗಿಟ್ಟು ನೆಟ್ಟಗೆ ನಿಂತರು.

"ಒಂದು ಕೇಳ್ತೀನಿ, ನಿಜ ಹೇಳು" ಎಂದರು ಕ್ಯಾಪ್ಟನ್. "ಎದುರಿಗೆ ಶತ್ರುವಿನ ಬಂದರು. ತಲೆ ಮೇಲೆ ಫಿರಂಗಿ ಗುಂಡು. ಇಡೀ ದೇಶ ನಮ್ಮನ್ನೇ ನೆಚ್ಚಿಕೊಂಡು ಕೂತಿದೆ. ಅಂಥ ಹೊತ್ತಲ್ಲಿ, ಆ ಬನಿಯನ್ನನ್ನ ಅಲ್ಲಿ ಯಾಕಯ್ಯಾ ನೇತುಹಾಕ್ದೆ?"

ಮಾವ ಪಂಪಿಗೆ ಕಿವಿಗೊಟ್ಟಾಗ ಮಾಡುವ ಹಾಗೆ ಒಂದು ಕ್ಷಣ ಕಣ್ಣು ಮುಚ್ಚಿದರು.

"ಒದ್ದೆಯಾಗಿತ್ತು, ಸರ್."